ಊರು ಎದ್ದು ಹೋಯಿತು, ಮಣ್ಣಾದವರು ಉಳಿದರು

ಬ್ಯಾಂಕಿನ ಕೆಲಸಕ್ಕೆಂದು ಅಂಧೇರಿಯ ಸೀಪ್ಝ್ ಒಳಗೆ ಅನೇಕ ಸಲ ಹೋಗಿದ್ದೇನೆ. ಗೇಟಿನಲ್ಲಿ ಪಾಸು ತೋರಿಸದೆ ಒಳಗೆ ಬಿಡುವುದಿಲ್ಲ. ಒಳಗೆಲ್ಲ ಆಭರಣದ ಕಾರ್ಖಾನೆಗಳು, ಸಾಫ್ಟ್‌ವೇರ್ ಕಂಪನಿಗಳು. ಅವುಗಳ ನಡುವೆ, ಮರಗಳ ಮರೆಯಲ್ಲಿ, ಮೇಲ್ಛಾವಣಿ ಇಲ್ಲದ ಹಳೆಯ ಕಲ್ಲಿನ ಚರ್ಚೊಂದು ನಿಂತಿದೆ. ಎಷ್ಟೋ ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ. ಮರೋಳದ ಹಿರಿಯ ಗ್ರಾಹಕರೊಬ್ಬರು ಒಮ್ಮೆ, "ಸಾಹೇಬರೇ, ಅದು ನಮ್ಮ ಊರು" ಎಂದಾಗಲೇ ಗೊತ್ತಾದದ್ದು.

ಆ ಊರು ಕೊಂಡಿವಿಟಾ. ಹತ್ತಿರದ ಮಹಾಕಾಳಿ ಗುಹೆಗಳಿಗೂ ಇದೇ ಹೆಸರಿದೆ. 1534ರಲ್ಲಿ ಸಾಷ್ಟಿ ದ್ವೀಪ ಪೋರ್ಚುಗೀಸರ ಕೈಸೇರಿತು. 1579ರಲ್ಲಿ ಜೆಸ್ವಿಟ್ ಪಾದ್ರಿಗಳು ಇಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟರ ಚರ್ಚು ಕಟ್ಟಿದರು. ಊರಿನವರು ಕ್ರೈಸ್ತರಾದರೂ ಅವರ ಮಾತು ಮರಾಠಿಯಾಗಿಯೇ ಉಳಿಯಿತು, ಕಸುಬು ಬೇಸಾಯವಾಗಿಯೇ ಉಳಿಯಿತು. ಗೋವಾದಿಂದ, ನಮ್ಮ ಮಂಗಳೂರಿನಿಂದ ನೌಕರಿಗೆ ಬಂದ ಕ್ರೈಸ್ತರಿಂದ ತಾವು ಬೇರೆ ಎಂದು ತೋರಿಸಲು 1887ರಲ್ಲಿ ಇವರು 'ಈಸ್ಟ್ ಇಂಡಿಯನ್' ಎಂಬ ಹೆಸರಿಟ್ಟುಕೊಂಡರು. ಅಂದರೆ ಇವರು ಮುಂಬಯಿಯ ಮೂಲನಿವಾಸಿಗಳು. ನಾವೆಲ್ಲ ಆಮೇಲೆ ಬಂದವರು.

ಸತ್ತವರನ್ನು ಚರ್ಚಿನ ಒಳಗೆ ಅಥವಾ ಅದರ ಅಂಗಳದಲ್ಲಿ ಹೂಳುವುದು ಆ ಕಾಲದ ರೂಢಿ. ಹೀಗೆ ಎರಡೂವರೆ ಶತಮಾನ ನಡೆಯಿತು. 1840ರಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂತು. ಜನ ಊರು ಬಿಟ್ಟು ಮರೋಳಕ್ಕೆ ಹೋಗಿ ಹೊಸ ಚರ್ಚು ಕಟ್ಟಿಕೊಂಡರು. ಹಳೆಯ ಚರ್ಚಿನ ಜ್ಞಾನಸ್ನಾನದ ತೊಟ್ಟಿಯನ್ನೂ ಹೊತ್ತುಕೊಂಡು ಹೋದರು. ಆದರೆ ಮಣ್ಣಾದವರನ್ನು ಹೊತ್ತುಕೊಂಡು ಹೋಗುವುದು ಹೇಗೆ?

1973ರಲ್ಲಿ ಆ ಜಾಗ ರಫ್ತು ವಲಯಕ್ಕೆ ಸೇರಿತು. ಈಗ 2024ರಿಂದ ಸೀಪ್ಝ್ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ಊರಿನ ವಂಶಸ್ಥರು ಬಹಳ ವರ್ಷಗಳಿಂದ ಮೇ ತಿಂಗಳ ಕೊನೆಯ ರವಿವಾರ ಆ ಪಾಳುಗೋಡೆಗಳ ನಡುವೆ ಪೂಜೆ ನಡೆಸುತ್ತ ಬಂದಿದ್ದಾರೆ. ಅಜ್ಜ ಮುತ್ತಜ್ಜರ ನೆಲಕ್ಕೆ ಹೋಗಲು ಅಪ್ಪಣೆ ಬೇಕು!

ಇದು ನನಗೆ ಬೇರೆಯವರ ಕಥೆ ಅನ್ನಿಸಲಿಲ್ಲ. ನಮ್ಮೂರು ಬಾಗಲಕೋಟೆಯ ಹತ್ತಿರ, ಘಟಪ್ರಭೆಯ ದಂಡೆಯಲ್ಲಿತ್ತು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಹೂಳುತ್ತಾರೆ, ಎಷ್ಟೋ ಮನೆತನಗಳಲ್ಲಿ ಸ್ವಂತ ಹೊಲದಲ್ಲೇ. ನಮ್ಮ ಅಜ್ಜನನ್ನೂ ಹೊಲದ ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರಿದಾಗ ಹೊಲ ಮುಳುಗಡೆಯಾಯಿತು. ಹೊಲಕ್ಕೆ ಪರಿಹಾರ ಬಂತು, ಮನೆಗೆ ಬಂತು, ಬೇವಿನ ಗಿಡಕ್ಕೂ ಬಂತು. ಅಜ್ಜನನ್ನು ಬರೆಯಲು ಆ ಕಾಗದದಲ್ಲಿ ಕಾಲಮ್ಮೇ ಇರಲಿಲ್ಲ. ಲೆಕ್ಕ ಬರೆದೇ ಹೊಟ್ಟೆ ಹೊರೆದ ನನಗೆ ಆ ಖಾಲಿ ಜಾಗ ಇಂದಿಗೂ ಚುಚ್ಚುತ್ತದೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮಣ್ಣ ಆ ಕಡೆ ಹೋಗಿ, ಅಂದಾಜಿನ ಮೇಲೆ ಒಂದು ಕಡೆ ನಿಂತು, ವಿಭೂತಿ ಹಚ್ಚಿ, ಕಾಯಿ ಒಡೆದು ಬರುತ್ತಾನೆ. ಕೊಂಡಿವಿಟಾದವರದೂ ಮೇ ತಿಂಗಳೇ. ಅವರಿಗೆ ಪಾಸು ಸಿಗಬೇಕು, ನಮಗೆ ನೀರು ಇಳಿಯಬೇಕು, ಇಷ್ಟೇ ವ್ಯತ್ಯಾಸ.

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆಯಾಗುವ ಭೂಮಿಗೆ ದರ ಒಪ್ಪಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ನೀರು ಬೇಡ ಎನ್ನುವವನು ನಾನಲ್ಲ. ಬರಗಾಲ ಕಂಡು ಬಂದವನು. ಆದರೆ ಈ ಸಲ ಅಳತೆಗೆ ಬಂದವರು ರುದ್ರಭೂಮಿಯನ್ನೂ, ಹೊಲದೊಳಗಿನ ಸಮಾಧಿಗಳನ್ನೂ ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಹಣ ಕೊಡದಿದ್ದರೂ ಚಿಂತೆಯಿಲ್ಲ. ಯಾರು ಎಲ್ಲಿ ಮಲಗಿದ್ದರು ಎಂಬ ಪಟ್ಟಿಯೊಂದು ಇದ್ದರೆ, ಮೊಮ್ಮಕ್ಕಳು ಅಂದಾಜಿನ ಮೇಲೆ ಕಾಯಿ ಒಡೆಯಬೇಕಾಗುವುದಿಲ್ಲ.