ದ್ರಾಕ್ಷಿ ಸೀಮೆಯ ದಾರಿ ಮತ್ತು 1907ರ ರೈತರು

ಫ್ರಾನ್ಸಿನ ವೈನ್ ಸೀಮೆಯಲ್ಲಿ ಕಾರು ಮಾಡಿಕೊಂಡು ನಿಧಾನವಾಗಿ ಸುತ್ತುವುದೆಂದರೆ ಪ್ರವಾಸಿಗರಿಗೆ ಬಲು ಇಷ್ಟ. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ನಡುನಡುವೆ ಹಳೆಯ ಊರುಗಳು. ಆ ದೇಶದ ದಕ್ಷಿಣದಲ್ಲಿ ಲಾಂಗ್‌ಡಾಕ್ ಎಂಬ ಸೀಮೆಯಿದೆ. ಅಲ್ಲಿನ ಅರ್ಜೆಲಿಯೆ ಹಳ್ಳಿಯಿಂದ ಹೊರಟು ನಾರ್ಬನ್, ಬೆಝಿಯೆ ದಾಟಿ ಮಾಂಪೆಲಿಯೆ ತಲುಪಲು ನೂರು ಕಿ.ಮೀ.ಗಿಂತ ತುಸು ಹೆಚ್ಚು ದೂರ. ಈ ದಾರಿಯ ಒಂದೊಂದು ಊರೂ ರೈತ ಚಳವಳಿಯ ಒಂದೊಂದು ಪುಟ. ನಾವು ಅದನ್ನು ಓದುತ್ತಾ ಸಾಗೋಣ.

ಹೊರಡುವ ಮುಂಚೆ ಸ್ವಲ್ಪ ಹಿನ್ನೆಲೆ. 1860ರ ದಶಕದಲ್ಲಿ ಬೇರಿನ ರಸ ಹೀರುವ ಒಂದು ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿಗೆ ಬಿತ್ತು. ತೋಟಕ್ಕೆ ತೋಟವೇ ಒಣಗಿತು. ಕೀಟ ತಡೆಯುವ ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಬಳ್ಳಿ ಕಸಿ ಕಟ್ಟಿ ರೈತರು ಮತ್ತೆ ತೋಟ ಎಬ್ಬಿಸಿದರು. ಅಷ್ಟರಲ್ಲಿ ಪೇಟೆ ಬೇರೆ ದಾರಿ ಕಲಿತಿತ್ತು. ಹಿಂಡಿದ ದ್ರಾಕ್ಷಿ ಸಿಪ್ಪೆಗೆ ನೀರು, ಸಕ್ಕರೆ ಸೇರಿಸಿ ಹುಳಿ ಬರಿಸಿ ಅದನ್ನೇ ವೈನ್ ಎಂದು ಮಾರುವುದು, ಒಣದ್ರಾಕ್ಷಿಯಿಂದ ವೈನ್ ಮಾಡುವುದು ನಡೆದಿತ್ತು. ಫ್ರಾನ್ಸಿನ ಕೈಯಲ್ಲಿದ್ದ ಅಲ್ಜೀರಿಯಾದಿಂದ ಹಡಗುಗಟ್ಟಲೆ ವೈನ್ ಬರುತ್ತಿತ್ತು. ರೈತರೂ ಬಯಲು ಭೂಮಿಯಲ್ಲಿ ಮಿತಿಮೀರಿ ಬಳ್ಳಿ ನೆಟ್ಟಿದ್ದರು. 1900ರ ನಂತರ ಬೆಲೆ ಕುಸಿಯಿತು. ಸಾಲ ಉಳಿಯಿತು.

ಅರ್ಜೆಲಿಯೆಯಲ್ಲಿ ಮಾರ್ಸಲೆನ್ ಆಲ್ಬೇರ್ ಎಂಬ ಸಣ್ಣ ಬೆಳೆಗಾರನಿದ್ದ. ಊರಲ್ಲೊಂದು ಕೆಫೆಯನ್ನೂ ನಡೆಸುತ್ತಿದ್ದ. ವಯಸ್ಸು ಐವತ್ತು ದಾಟಿತ್ತು. ವೈನ್ ಬಿಕ್ಕಟ್ಟಿನ ವಿಚಾರಣೆಗೆ ಸಂಸತ್ತಿನ ಸಮಿತಿ ನಾರ್ಬನ್‌ಗೆ ಬಂದಿದೆ ಎಂದು ಗೊತ್ತಾದಾಗ, 1907ರ ಮಾರ್ಚ್ 11ರಂದು ಅವನ ಮುಂದಾಳತ್ವದಲ್ಲಿ 87 ಜನ ಹೊರಟರು. ತಮ್ಮ ಕಷ್ಟ ಹೇಳಿಕೊಂಡು ಮರಳಿದರು.

ಅಲ್ಲಿಂದ ಭಾನುವಾರದ ಸಭೆಗಳು ಶುರುವಾದವು. ಮೇ 5ರಂದು ನಾರ್ಬನ್‌ನಲ್ಲಿ ಸುಮಾರು 80 ಸಾವಿರ ಜನ. ಮರುವಾರ ಬೆಝಿಯೆಯಲ್ಲಿ ಒಂದೂವರೆ ಲಕ್ಷ. ವಾರ ಕಳೆದಂತೆ ಜನ ಹೆಚ್ಚುತ್ತಲೇ ಹೋದರು. ಜೂನ್ 9ರಂದು ಮಾಂಪೆಲಿಯೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಸೇರಿದರೆಂಬ ಅಂದಾಜಿದೆ. ತೋಟದ ಮಾಲೀಕರು, ಕೂಲಿಯವರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಮಾಲೀಕನಿಗೂ ಕೂಲಿಗೂ ಹೊಂದಾಣಿಕೆ ಕಡಿಮೆಯಿದ್ದ ಸೀಮೆಯಲ್ಲಿ ಇದು ದೊಡ್ಡ ಮಾತು. ಕಲಬೆರಕೆ ನಿಲ್ಲಿಸಿ, ನಮ್ಮ ಬೆಳೆಗೆ ಅದರ ಹೆಸರಿನ ಬೆಲೆ ಸಿಗಲಿ ಎಂಬುದು ಎಲ್ಲರ ಬೇಡಿಕೆ.

ಮಾಂಪೆಲಿಯೆಯಿಂದ ಈಗ ಬಂದ ದಾರಿಯಲ್ಲೇ ಹಿಂದಿರುಗೋಣ. ಸರ್ಕಾರ ಕಿವಿಗೊಡದಿದ್ದಾಗ ನಾರ್ಬನ್ ಮೇಯರ್ ಎರ್ನೆಸ್ಟ್ ಫೆರುಲ್ ನಗರಸಭೆಯ ಬಾಗಿಲು ಹಾಕಿದರು. ಆ ಸೀಮೆಯ ನೂರಾರು ಊರಾಡಳಿತಗಳು ರಾಜೀನಾಮೆ ಕೊಟ್ಟವು. ಪ್ರಧಾನಿ ಕ್ಲೆಮಾನ್ಸೊ ಸೈನ್ಯ ಕಳಿಸಿದರು. ಜೂನ್ 19ರಂದು ಫೆರುಲ್ ಬಂಧನವಾಯಿತು. ಆ ದಿನ ಮತ್ತು ಮರುದಿನ ನಾರ್ಬನ್‌ನಲ್ಲಿ ಗುಂಡು ಹಾರಿತು. ಸತ್ತವರು ಆರು ಜನ, ಅವರಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿ.

ಸುದ್ದಿ ಆಗ್ದ್ ಎಂಬ ಊರಿನಲ್ಲಿದ್ದ 17ನೇ ಕಾಲ್ದಳಕ್ಕೆ ಮುಟ್ಟಿತು. ಅಲ್ಲಿನ ಸಿಪಾಯಿಗಳಲ್ಲಿ ಬಹಳಷ್ಟು ಮಂದಿ ಇದೇ ಸೀಮೆಯವರು, ಬೆಳೆಗಾರರ ಮಕ್ಕಳು. ಸುಮಾರು 500 ಜನ ಬಂದೂಕು ಹಿಡಿದು ರಾತ್ರಿಯೆಲ್ಲ ನಡೆದು ಬೆಝಿಯೆ ಸೇರಿದರು. ಊರಿನ ನಡುವಿನ ಮರದ ನೆರಳಿನ ಬೀದಿಯಲ್ಲಿ ಕುಳಿತರು. ಜನ ಊಟ, ವೈನ್ ತಂದುಕೊಟ್ಟರು. ಅವರು ಒಂದು ಗುಂಡೂ ಹಾರಿಸಲಿಲ್ಲ. ಮಾತುಕತೆಯಾಗಿ ಶರಣಾದ ಮೇಲೆ ಅವರನ್ನು ಟ್ಯುನೀಷಿಯಾದ ಗಾಫ್ಸಾಕ್ಕೆ ಕಳಿಸಲಾಯಿತು.

ಆಲ್ಬೇರ್ ಕಥೆ ನೋವಿನದು. ಜೂನ್ 23ರಂದು ಅವನು ಪ್ಯಾರಿಸ್ಸಿನಲ್ಲಿ ಕ್ಲೆಮಾನ್ಸೊರನ್ನು ಕಂಡ. ರೈಲು ಖರ್ಚಿಗೆಂದು ಅವರು ಕೊಟ್ಟ 100 ಫ್ರಾಂಕ್ ತೆಗೆದುಕೊಂಡ. ಕ್ಲೆಮಾನ್ಸೊ ಅದನ್ನು ಪತ್ರಕರ್ತರಿಗೆ ಹೇಳಿಬಿಟ್ಟರು. ಲಕ್ಷಾಂತರ ಜನ ನಂಬಿದ್ದ ಮನುಷ್ಯ ಊರಿಗೆ ಬರುವಷ್ಟರಲ್ಲಿ ದುಡ್ಡಿಗೆ ಮಾರಿಕೊಂಡವನಾಗಿದ್ದ. 1921ರಲ್ಲಿ ಬಡತನದಲ್ಲೇ ತೀರಿಹೋದ. ಪತ್ರಿಕೆಯ ಕೆಲಸ ಮಾಡುವ ನಮಗೆ ಈ ಭಾಗ ಓದುವಾಗ ಮೈ ಜುಮ್ಮೆನ್ನುತ್ತದೆ. ಬರೆದ ಸುದ್ದಿ ಸುಳ್ಳಲ್ಲ, ಆದರೂ ಒಬ್ಬನ ಬಾಳು ಮುಗಿಯಿತು.

ಚಳವಳಿ ಮಾತ್ರ ಸೋಲಲಿಲ್ಲ. ವಾರದೊಳಗೆ, ಜೂನ್ 29ರಂದು, ವೈನ್‌ಗೆ ನೀರು ಬೆರೆಸುವುದು ಮತ್ತು ಮಿತಿಮೀರಿ ಸಕ್ಕರೆ ಹಾಕುವುದರ ವಿರುದ್ಧ ಕಾನೂನು ಬಂತು. ವೈನ್‌ಗೆ ಹಾಕುವ ಸಕ್ಕರೆಗೆ ಹೆಚ್ಚಿನ ತೆರಿಗೆ ಬಿತ್ತು. ಕಾನೂನು ಬೆಳೆಗಾರನನ್ನೂ ಬಿಡಲಿಲ್ಲ. ಎಷ್ಟು ತೋಟ, ಎಷ್ಟು ವೈನ್, ಎಷ್ಟು ದಾಸ್ತಾನು ಎಂದು ಪ್ರತಿಯೊಬ್ಬನೂ ಊರ ಕಚೇರಿಯಲ್ಲಿ ಬರೆಸಬೇಕು. ಆ ಪಟ್ಟಿಯನ್ನು ಕಚೇರಿ ಬಾಗಿಲಿಗೆ ಅಂಟಿಸಬೇಕು. ಸೆಪ್ಟೆಂಬರ್‌ನಲ್ಲಿ ರೈತರು ಫೆರುಲ್ ಅಧ್ಯಕ್ಷತೆಯಲ್ಲಿ ತಮ್ಮದೇ ಒಕ್ಕೂಟ ಕಟ್ಟಿ ಕಲಬೆರಕೆ ಮಾಡುವವರ ಬೆನ್ನು ಹತ್ತಿದರು. 1935ರಲ್ಲಿ ಊರಿನ ಹೆಸರಿಗೇ ರಕ್ಷಣೆ ಕೊಡುವ ಕಾನೂನು ಬಂತು. ಹೇಳಿದ ಸೀಮೆಯಲ್ಲಿ, ಹೇಳಿದ ರೀತಿಯಲ್ಲಿ ಬೆಳೆದು ಮಾಡಿದ ವೈನ್‌ಗೆ ಮಾತ್ರ ಆ ಊರಿನ ಹೆಸರು.

ಇದೇ ವಿಚಾರ ಮುಂದೆ ಜಗತ್ತಿನಲ್ಲೆಲ್ಲ ಹಬ್ಬಿತು. ನಮ್ಮ ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕಿರುವ ಜಿಐ ಮಾನ್ಯತೆಯೂ ಇದೇ ಬಳ್ಳಿಯ ಕಾಯಿ. ಬ್ಯಾಡಗಿ ಎಂದು ಹೇಳಿ ಬೇರೆ ಕಾಯಿ ಮಾರಿದರೆ ಪೆಟ್ಟು ಯಾರಿಗೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಫ್ರಾನ್ಸಿನ ರೈತರು ಸಭೆ ಮುಗಿಸಿ ಮನೆಗೆ ಹೋಗಿ ಕೂತಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತಿತ್ತು. ಅವರು ತಮ್ಮ ಲೆಕ್ಕವನ್ನು ಬಾಗಿಲಿಗೆ ಅಂಟಿಸಿದರು, ಬೇರೆಯವರ ಲೆಕ್ಕ ಕೇಳಿದರು.