ದಫ್ತರ: ಪದದ ಅರ್ಥ ಮತ್ತು ಮೂಲ

ನ್ಯಾಯಾಲಯ ಹಾಗೂ ಕಂದಾಯ ಕಚೇರಿಗಳ ಹಳೆಯ ಕಾಗದಪತ್ರಗಳಲ್ಲಿ 'ದಫ್ತರ' ಎಂಬ ಪದವು ಕಂಡುಬರುತ್ತದೆ. ಕ್ರಮವಾಗಿ ಜೋಡಿಸಿ ಕಟ್ಟಿಟ್ಟ ದಾಖಲೆಗಳ ಸಮೂಹವೆಂಬುದು ಇದರ ಅರ್ಥ. ಅವುಗಳನ್ನು ಕಾಯ್ದಿರಿಸುವ ಕೊಠಡಿಯೇ ದಫ್ತರಖಾನೆ.

ಈ ಪದದ ಮೂಲವು ಗ್ರೀಕ್ ಭಾಷೆಯ 'ಡಿಫ್ತೆರಾ', ಅಂದರೆ ಹದಮಾಡಿದ ತೊಗಲು. ಹಿಂದೆ ತೊಗಲಿನ ಮೇಲೆ ಬರೆಯುತ್ತಿದ್ದುದರಿಂದ ಬರಹದ ಹಾಳೆಗೂ ಇದೇ ಹೆಸರಾಯಿತು. ಪದವು ಪಾರ್ಸಿ, ಅರಬಿ ಭಾಷೆಗಳಲ್ಲಿ 'ದಫ್ತರ್' ಎಂದಾಗಿ, ಆಡಳಿತ ಭಾಷೆಯಾಗಿದ್ದ ಪಾರ್ಸಿಯ ಪ್ರಭಾವದಿಂದ ಭಾರತೀಯ ಭಾಷೆಗಳನ್ನು ಸೇರಿತು. ಪುಣೆಯಲ್ಲಿರುವ ಪೇಶ್ವೆಗಳ ಆಡಳಿತ ದಾಖಲೆಗಳು 'ಪೇಶ್ವೆ ದಫ್ತರ' ಎಂದೇ ಪ್ರಸಿದ್ಧವಾಗಿವೆ. ಹಿಂದಿಯಲ್ಲಿ ಈ ಪದಕ್ಕೆ ಕಚೇರಿ ಎಂಬ ಅರ್ಥವೂ ಇದೆ.

ಪಿತ್ರಾರ್ಜಿತ ಆಸ್ತಿಯ ಹಕ್ಕು ಕೆಲವೊಮ್ಮೆ ಹಳೆಯ ತೀರ್ಪು ಅಥವಾ ಡಿಕ್ರಿಯೊಂದನ್ನೇ ಅವಲಂಬಿಸಿರುತ್ತದೆ. ಮನೆಯಲ್ಲಿದ್ದ ಪ್ರತಿಯು ಕಳೆದುಹೋಗಿದ್ದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸಬಹುದು. ನಕಲು ಎಂದರೆ ಇಲ್ಲಿ ಪ್ರತಿ, ಖೋಟಾ ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 75ನೇ ಪ್ರಕರಣದಂತೆ, ಪರಿಶೀಲಿಸುವ ಹಕ್ಕುಳ್ಳವರಿಗೆ ಸಾರ್ವಜನಿಕ ದಸ್ತಾವೇಜಿನ ನಕಲನ್ನು ಶುಲ್ಕ ಪಡೆದು ನೀಡತಕ್ಕದ್ದು. ಅದರ ಕೊನೆಯಲ್ಲಿ ನೈಜ ಪ್ರತಿಯೆಂಬ ಪ್ರಮಾಣಪತ್ರ, ದಿನಾಂಕ, ಅಧಿಕಾರಿಯ ಹೆಸರು, ಪದನಾಮ ಹಾಗೂ ಸಹಿ ಇರಬೇಕು. ಮೊಹರು ಬಳಸಲು ಅಧಿಕಾರವಿದ್ದಲ್ಲಿ ಮೊಹರೂ ಇರಬೇಕು.

ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ವರ್ಷ ಹಾಗೂ ಪಕ್ಷಕಾರರ ಹೆಸರುಗಳನ್ನು ನಮೂದಿಸಿದಲ್ಲಿ ದಾಖಲೆಯನ್ನು ಹುಡುಕುವುದು ಸುಲಭವಾಗುತ್ತದೆ. ಎಲ್ಲ ದಾಖಲೆಗಳನ್ನೂ ಶಾಶ್ವತವಾಗಿ ಕಾಯ್ದಿರಿಸುವುದಿಲ್ಲ. ಆದ್ದರಿಂದ ಅಗತ್ಯವುಳ್ಳವರು ವಿಳಂಬ ಮಾಡದೆ ನಕಲು ಪಡೆದಿಟ್ಟುಕೊಳ್ಳುವುದು ಸೂಕ್ತ.