ಅನಂತ ಪೈ

ಅನಂತ ಪೈ (17 ಸೆಪ್ಟೆಂಬರ್ 1929 – 24 ಫೆಬ್ರವರಿ 2011) ಭಾರತದ ಚಿತ್ರಕಥಾ ಲೇಖಕರು, ಸಂಪಾದಕರು ಹಾಗೂ 'ಅಮರ ಚಿತ್ರ ಕಥೆ' ಮಾಲೆಯ ರೂವಾರಿ. ಕಾರ್ಕಳದಲ್ಲಿ ಜನಿಸಿದ ಇವರು 2ನೆಯ ವಯಸ್ಸಿಗೇ ತಂದೆತಾಯಿಯರನ್ನು ಕಳೆದುಕೊಂಡು, 12ನೆಯ ವಯಸ್ಸಿನಲ್ಲಿ ಮುಂಬಯಿಗೆ ತೆರಳಿದರು. ರಸಾಯನ ತಂತ್ರಜ್ಞಾನ ಓದಿದರೂ ಒಲವು ಪ್ರಕಾಶನದತ್ತ ಇತ್ತು. 1954ರಲ್ಲಿ ಹೊರತಂದ 'ಮಾನವ್' ಎಂಬ ಮಕ್ಕಳ ಪತ್ರಿಕೆ ಬಹುಕಾಲ ನಡೆಯಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಸೇರಿ, ಫ್ಯಾಂಟಮ್ ಸಾಹಸಗಳ 'ಇಂದ್ರಜಾಲ್ ಕಾಮಿಕ್ಸ್' (1964) ಆರಂಭಕ್ಕೆ ಕಾರಣರಾದರು.

1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣ ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾಗದೆ ಹೋದದ್ದು ಇವರನ್ನು ಕಾಡಿತು. ಇಂಡಿಯಾ ಬುಕ್ ಹೌಸ್ ಪ್ರಕಟಿಸಿದ 'ಅಮರ ಚಿತ್ರ ಕಥೆ'ಯ ಮೊದಲ 10 ಸಂಚಿಕೆಗಳು ಕನ್ನಡಕ್ಕೆ ಬಂದ ಪಾಶ್ಚಾತ್ಯ ಕಥೆಗಳಾಗಿದ್ದವು. ಪೈ ಬರೆದು, ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ' 11ನೆಯದು. 1980ರಲ್ಲಿ ಮಕ್ಕಳ ಪತ್ರಿಕೆ 'ಟಿಂಕಲ್' ಆರಂಭಿಸಿದ ಇವರು ಓದುಗರಿಗೆ 'ಅಂಕಲ್ ಪೈ' ಎಂದೇ ಪರಿಚಿತರಾದರು.